ಸೋಲೂ ದೋಷವೂ

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಗೆದ್ದವನಲ್ಲಿ ಇಲ್ಲದ ಗುಣಗಳನ್ನು ಕಂಡು ಹೊಗಳುವುದೂ, ಸೋತವನಲ್ಲಿ ಇದ್ದ ಗುಣಗಳನ್ನು ಮರೆತು ಹಳಿಯುವುದೂ ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ನಡೆದುಬಂದ ಸಂಗತಿಯೇ ಆಗಿರುತ್ತದೆ. ಈ ರೂಢಿಯ ಹಿಂದೆ ಒಂದು ಸಿದ್ಧಾಂತವು ಅಡಗಿಕೊಂಡಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದರೂ ಎಲ್ಲರೂ ಅದರಂತೆಯೇ ತೀರ್ಪು ಕೊಡುತ್ತಾರೆ. ಸೋಲು ಇದ್ದಲ್ಲಿ ದೋಷವಿದ್ದೇ ಇರಬೇಕು, ದೋಷವಿದ್ದಲ್ಲಿ ದೋಷಿಯೊಬ್ಬನು ಇದ್ದೇ ಇರಬೇಕು, ದೋಷಿಯು ಸಿಕ್ಕಿದ ಮೇಲೆ ದಂಡನೆಯು ಆಗಲೇಬೇಕು ಎಂಬುದೇ ಆ ಸಿದ್ಧಾಂತ. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬ ಅನುಮಾನದಷ್ಟೇ ಇದೂ ನಿರ್ದುಷ್ಟವಾದುದೆಂದು ಜನರು ನಂಬಿರುತ್ತಾರೆ. ಆದರೆ ತರ್ಕವನ್ನು ಸ್ವಲ್ಪ ಓದಿದವನಿಗೂ ಇಲ್ಲಿರುವ ಹೇತ್ವಾಭಾಸವು ತಿಳಿಯದೆ ಹೋಗದು. ದೋಷವಿಲ್ಲದೆಯೂ ಸೋಲು ಬರುವುದುಂಟು. ದೋಷಗಳು ತುಂಬಿದ್ದಾಗಲೂ ಗೆಲವು ದೊರೆಯುವುದುಂಟು. ಹಾಗಾದರೆ ಮನುಷ್ಯನ ಕೆಲಸವನ್ನು ಯಾವುದರಿಂದ ತೂಗಬೇಕು? ಫಲದಿಂದಲೋ, ಕೆಲಸದಿಂದಲೇಯೋ? ಫಲವನ್ನು ಬಿಟ್ಟರೆ ಸೋಮಾರಿಗೂ ಶ್ರಮಜೀವಿಗೂ ಭೇದವೇನು ಉಳಿಯುತ್ತದೆ? ವಿಚಾರಿಸತಕ್ಕ ವಿಷಯವು ಇದು.

ಈ ಪ್ರಶ್ನೆಯನ್ನು ರಾಜ್ಯಭಾರದಲ್ಲಿಟ್ಟು ನೋಡುವುದಕ್ಕಿಂತ ಆಟದಲ್ಲಿಟ್ಟು ನೋಡುವುದು ಸುಲಭ. ರಾಜ್ಯಭಾರದ ಫಲವು ತಿಳಿಯಬೇಕಾದರೆ ತಲೆಮಾರುಗಳು ಕಳೆಯಬೇಕು. ಕಾಲ್ಚೆಂಡಾಟದ ಫಲವಾದರೋ ತೊಂಬತ್ತು ನಿಮಿಷಗಳಲ್ಲಿ ಸಾವಿರಾರು ಜನರ ಕಣ್ಣೆದುರಿಗೆ ನಿಶ್ಚಯವಾಗುತ್ತದೆ. ಸೋವಿಯತ್ ದೇಶದ ಕಾನ್‌ಸ್ಟಾಂಟಿನ್ ಇವಾನೊವಿಚ್ ಬೆಸ್ಕೋವನ ಜೀವಿತವು ಇದಕ್ಕೆ ತಕ್ಕ ನಿದರ್ಶನವಾಗಿದೆ. ಆತನು ಮೊದಲು ಮುಂಚೂಣಿಯಲ್ಲಿ ನಿಂತು ಗೋಲು ಹೊಡೆಯುವ ಆಟಗಾರನಾಗಿದ್ದು, ಬಳಿಕ ಸುಮಾರು ನಾಲ್ವತ್ತು ವರ್ಷಗಳ ಅವಧಿಯಲ್ಲಿ ಹಲವು ತಂಡಗಳಿಗೆ ಆಟದ ಗುರುವಾದನು. ಸೋತ ಕಾರಣಕ್ಕಾಗಿ ಆಟಗಾರನಾಗಿಯೂ ದಂಡನೆಯನ್ನು ಉಂಡನು, ಗುರುವಾಗಿಯೂ ಉಂಡನು. ಅಷ್ಟೇ ಅಲ್ಲದೆ, ಇತರರ ದೋಷಗಳನ್ನು ವಿಚಾರಿಸುವ ಪೀಠದಲ್ಲಿ ತಾನೂ ಬಹುಕಾಲ ಕುಳಿತನು. ತೀರ್ಪಿಗೆ ಒಳಗಾದವನೂ ತೀರ್ಪು ಕೊಟ್ಟವನೂ ಒಬ್ಬನೇ ಆದುದರಿಂದ ಆತನ ಕಥೆಯಲ್ಲಿ ಈ ಪ್ರಶ್ನೆಯ ಎರಡು ಮುಖಗಳೂ ಕಾಣುತ್ತವೆ.

ಬೆಸ್ಕೋವನು ಹುಟ್ಟಿದ್ದು ಮಾಸ್ಕೋ ನಗರದಲ್ಲಿ, ೧೯೨೦ನೆಯ ನವೆಂಬರ್ ೧೮ರಂದು. ೧೯೪೧ರಲ್ಲಿ ಆತನು ಡೈನಮೊ ಎಂಬ ಪ್ರಸಿದ್ಧ ತಂಡವನ್ನು ಸೇರಿದನು. ಅದೇ ವರ್ಷ ಯುದ್ಧವು ಬಂದು ದೇಶದ ಪಂದ್ಯಗಳೆಲ್ಲ ನಿಂತುಹೋದವು. ಯುದ್ಧವು ಮುಗಿದ ೧೯೪೫ರಲ್ಲಿ ಡೈನಮೊ ತಂಡವು ದೇಶದ ಅಗ್ರಸ್ಥಾನವನ್ನು ಪಡೆದು, ನವೆಂಬರ್ ತಿಂಗಳಲ್ಲಿ ಬ್ರಿಟನ್ನಿಗೆ ಹೋಯಿತು. ಅಲ್ಲಿ ಚೆಲ್ಸಿ ತಂಡದೊಡನೆ ೩-೩ ಎಂದು ಸಮವಾಗಿ, ಕಾರ್ಡಿಫ್ ತಂಡವನ್ನು ೧೦-೧ರಿಂದಲೂ ಆರ್ಸೆನಲ್ ತಂಡವನ್ನು ೪-೩ರಿಂದಲೂ ಸೋಲಿಸಿ, ಗ್ಲಾಸ್ಗೋ ನಗರದ ರೇಂಜರ್ಸ್ ತಂಡದೊಡನೆ ೨-೨ ಎಂದು ಸಮವಾಗಿ, ಒಂದು ಪಂದ್ಯವನ್ನೂ ಸೋಲದೆ ಹಿಂತಿರುಗಿತು. ಮಾಸ್ಕೋದಲ್ಲಿ ಆ ಆಟಗಾರರಿಗೆ ವೀರರ ಮರ್ಯಾದೆಯು ಸಂದಿತು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ ಮಾತ್ರ ಇದೇ ಪ್ರವಾಸವನ್ನು ನೋಡಿ ಅದೇ ಡಿಸೆಂಬರಿನಲ್ಲಿ ಒಂದು ಪ್ರಬಂಧವನ್ನು ಬರೆದು, ರಾಷ್ಟ್ರಗಳ ನಡುವಣ ಪಂದ್ಯಗಳು ಸ್ನೇಹವನ್ನಲ್ಲ, ವೈರವನ್ನು ಬೆಳೆಸುತ್ತವೆ ಎಂದು ವಾದಿಸಿದನು. ಗೆದ್ದ ಉತ್ಸಾಹದಲ್ಲಿದ್ದವರಿಗೆ ಆ ಮಾತು ಕಹಿಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಏಳು ವರ್ಷಗಳೊಳಗಾಗಿ ಆ ಕಹಿಯ ಒಂದು ಬಗೆಯನ್ನು ಸೋವಿಯತ್ ಆಟಗಾರರು ತಮ್ಮ ದೇಶದಲ್ಲಿಯೇ ಕಾಣಬೇಕಾಯಿತು.

೧೯೫೨ರ ಒಲಿಂಪಿಕ್ ಕ್ರೀಡೆಗಳು ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ನಡೆದವು. ಸೋವಿಯತ್ ದೇಶವು ಒಲಿಂಪಿಕ್ ಕ್ರೀಡೆಗೆ ಬಂದದ್ದು ಅದೇ ಮೊದಲು. ಕಾಲ್ಚೆಂಡಾಟದಲ್ಲಿ ಅದಕ್ಕೆ ಎದುರಾದದ್ದು ಯುಗೊಸ್ಲಾವಿಯ. ನಾಲ್ಕು ವರ್ಷಗಳ ಹಿಂದೆ, ೧೯೪೮ರಲ್ಲಿ, ಸ್ಟಾಲಿನ್ನನಿಗೂ ಯುಗೊಸ್ಲಾವಿಯದ ಟಿಟೋವಿಗೂ ವಿರಸವುಂಟಾಗಿ ಸಂಬಂಧವು ಕಡಿದುಹೋಗಿತ್ತು. ಆದುದರಿಂದ ಇದು ಬರಿಯ ಆಟವಾಗಿ ಉಳಿಯಲಿಲ್ಲ. ಜುಲೈ ೨೦ರಂದು ತಾಂಪೆರೆ ನಗರದಲ್ಲಿ ನಡೆದ ಪಂದ್ಯದಲ್ಲಿ ಸೋವಿಯತ್ ತಂಡವು ಒಂದು ಹಂತದಲ್ಲಿ ೧-೫ರಿಂದ ಹಿಂದೆ ಬಿದ್ದಿತ್ತು. ಎಲ್ಲವೂ ಮುಗಿಯಿತೆಂದು ನೋಡುವವರು ನಿಶ್ಚಯಿಸಿದ್ದಾಗ ಅದು ನಾಲ್ಕು ಗೋಲುಗಳನ್ನು ಹೊಡೆದು ೫-೫ರ ಸಮಸ್ಥಿತಿಗೆ ಬಂದಿತು. ಅದರ ನಾಯಕನಾದ ಬೋಬ್ರೋವ್ ಒಬ್ಬನೇ ಆ ದಿನ ಮೂರು ಗೋಲುಗಳನ್ನು ಹೊಡೆದನು. ಎರಡು ದಿನಗಳ ಬಳಿಕ ಮತ್ತೆ ಪಂದ್ಯವಾಯಿತು. ಈ ಸಲ ಯುಗೊಸ್ಲಾವಿಯವು ೩-೧ರಿಂದ ಗೆದ್ದಿತು.

ಸೋತ ತಂಡದಲ್ಲಿ ಬೆಸ್ಕೋವನೂ ಇದ್ದನು. ಮೂವತ್ತೆರಡನೆಯ ವಯಸ್ಸು ಸಮೀಪಿಸಿದ್ದ ಆತನಿಗೆ ರಾಷ್ಟ್ರತಂಡದಲ್ಲಿ ಅದೇ ಕೊನೆಯ ಆಟವಾಯಿತು. ಊರಿಗೆ ಬಂದ ಮೇಲೆ ವಿಚಾರಣೆ ನಡೆಯಿತು. ತಂಡದ ಗುರುವಾದ ಬೊರಿಸ್ ಅರ್ಕಾದಿಯೆವ್ ಎಂಬಾತನ ಬಿರುದನ್ನು ಕಿತ್ತುಕೊಳ್ಳಲಾಯಿತು. ಆತನು ನಡೆಸುತ್ತಿದ್ದ ಸೈನ್ಯದ ತಂಡವು ೧೯೪೬ರಿಂದ ೧೯೫೧ರೊಳಗೆ ಐದು ಸಲ ದೇಶದ ಅಗ್ರಸ್ಥಾನವನ್ನು ಗೆದ್ದಿತ್ತು. ಆ ತಂಡವನ್ನೇ ಆಗಸ್ಟ್ ತಿಂಗಳಲ್ಲಿ ವಿಸರ್ಜಿಸಿಬಿಟ್ಟರು. ಸೋತ ರಾಷ್ಟ್ರತಂಡದಲ್ಲಿ ಬೇರೆ ಬೇರೆ ಸಂಘಗಳ ಆಟಗಾರರಿದ್ದರೆಂಬುದನ್ನು ಯಾರೂ ಲೆಕ್ಕಿಸಲಿಲ್ಲ. ಕೆಲವು ಆಟಗಾರರ ಬಿರುದುಗಳೂ ಹೋದವು, ಬೆಸ್ಕೋವನು ಅವರಲ್ಲೊಬ್ಬನು. ೧-೫ರಿಂದ ೫-೫ಕ್ಕೆ ಏರಿದ ಆ ಪೌರುಷವನ್ನು ಲೆಕ್ಕದ ಪುಸ್ತಕದಲ್ಲಿ ಯಾವ ಕಡೆಗೂ ಬರೆಯಲಿಲ್ಲ. ಸ್ಟಾಲಿನ್ನನು ೧೯೫೩ರಲ್ಲಿ ತೀರಿಕೊಂಡನು. ಮರುವರ್ಷ ಸೈನ್ಯದ ತಂಡವು ಮತ್ತೆ ಹುಟ್ಟಿತು. ತಂಡವನ್ನು ಕೂಡಿಸಿದುದರಿಂದಲೇ ಅದನ್ನು ಒಡೆದದ್ದು ಅವಿವೇಕವಾಗಿತ್ತೆಂದು ಒಪ್ಪಿಕೊಂಡಂತಾಯಿತು.

ಇದೇ ಕ್ರೀಡೆಗಳಲ್ಲಿ, ಇದೇ ಯುಗೊಸ್ಲಾವಿಯದೊಡನೆ, ಐದು ದಿನಗಳ ಮುಂಚೆ ಭಾರತದ ತಂಡವೂ ಆಡಿ ೧೦-೧ರಿಂದ ಸೋತಿತ್ತೆಂಬುದನ್ನು ವಾಚಕರು ಇಲ್ಲಿ ನೆನೆಯಬೇಕು. ಆ ಒಂದು ಗೋಲನ್ನು ಹೊಡೆದದ್ದು ಬೆಂಗಳೂರಿನ ಆಟಗಾರ ಅಹಮದ್ ಖಾನ್. ಭಾರತದ ಹಲವು ಆಟಗಾರರು ಆ ಚಳಿಯ ದೇಶದಲ್ಲಿ ಬರಿಗಾಲಿನಲ್ಲಿ ಆಡಿದ್ದರು. ಸೋಲಿನ ಪ್ರಮಾಣವನ್ನು ನೋಡಿದರೆ ಸೋವಿಯತ್ ದೇಶದ್ದು ಅದರ ಮುಂದೆ ಏನೂ ಅಲ್ಲ. ಆದರೆ ಭಾರತದ ಕ್ರೀಡಾಧಿಕಾರಿಗಳು ಆ ಸೋಲಿನಿಂದ ಕಲಿತದ್ದು, ಇನ್ನು ಮುಂದೆ ಆಟಗಾರರು ಪಾದರಕ್ಷೆ ತೊಟ್ಟು ಆಡಬೇಕೆಂಬುದನ್ನು. ಒಂದು ದೇಶವು ಸೋಲಿನ ಕಾರಣವನ್ನು ಹುಡುಕಿತು. ಇನ್ನೊಂದು ದೇಶವು ಸೋಲಿನ ಅಪರಾಧಿಯನ್ನು ಹುಡುಕಿತು. ಕಾರಣವು ಸಿಕ್ಕಿದರೆ ನಾಳಿನ ಆಟವು ತಿದ್ದುತ್ತದೆ. ಅಪರಾಧಿಯು ಸಿಕ್ಕಿದರೆ ನಿನ್ನಿನ ಕೋಪವು ತಣಿಯುತ್ತದೆ, ಅಷ್ಟೆ.

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ, ಯಾವ ಕರ್ಮವು ಸಿದ್ಧಿಸಬೇಕಾದರೂ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳು ಕೂಡಬೇಕೆಂದು ಹೇಳಿದೆ. ಇವುಗಳನ್ನು ತಾಂಪೆರೆಯ ಪಂದ್ಯಕ್ಕೆ ಹೊಂದಿಸಿ ನೋಡಬಹುದು. ಅಧಿಷ್ಠಾನವೆಂದರೆ ದೇಹ, ಎರಡು ದಿನಗಳ ಹಿಂದೆ ಹೆಚ್ಚುವರಿ ಕಾಲವೂ ಸೇರಿ ಎರಡು ಗಂಟೆಗಳ ಹೊತ್ತು ಓಡಿ ದಣಿದ ದೇಹವದು. ಕರಣವೆಂದರೆ ಸಾಧನ, ಸೋವಿಯತ್ ರಾಷ್ಟ್ರತಂಡವು ಬಹುವರ್ಷಗಳ ಬಳಿಕ ಆ ವರ್ಷವೇ ಹೊಸದಾಗಿ ಕೂಡಿದ್ದಾಗಿತ್ತು, ಒಬ್ಬರ ಆಟವು ಒಬ್ಬರಿಗೆ ಪಳಗಿರಲಿಲ್ಲ. ಚೇಷ್ಟೆಯೆಂದರೆ ಪ್ರಯತ್ನ; ಅದರಲ್ಲಿ ಕೊರತೆಯಿರಲಿಲ್ಲವೆಂಬುದಕ್ಕೆ ಮೊದಲನೆಯ ಪಂದ್ಯವೇ ಸಾಕ್ಷಿ. ದೈವದ ಮಾತನ್ನು ಯಾರು ಬಲ್ಲರು? ಇನ್ನು ಕರ್ತೃವಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಪಂದ್ಯದಲ್ಲಿ ಕರ್ತೃಗಳು ಒಂದು ಕಡೆಯವರಷ್ಟೇ ಅಲ್ಲ, ಎದುರಾಳಿಯೂ ಕರ್ತೃವೇ. ಯುಗೊಸ್ಲಾವಿಯದವರು ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಎರಡನೆಯ ಸ್ಥಾನವನ್ನು ಪಡೆದವರು. ಹೆಲ್ಸಿಂಕಿಯಲ್ಲಿಯೂ ಕೊನೆಯ ಪಂದ್ಯದವರೆಗೆ ಹೋದರು. ಅವರು ಚೆನ್ನಾಗಿ ಆಡಿದರು, ಆದುದರಿಂದ ಗೆದ್ದರು. ಸೋಲನ್ನೆಲ್ಲ ಸೋತವನ ದೋಷವೆಂದು ಎಣಿಸುವವನು ಗೆದ್ದವನ ಪೌರುಷವನ್ನು ಇಲ್ಲವೆನ್ನುತ್ತಾನೆ. ಲೋಕದಲ್ಲಿ ತಾನೊಬ್ಬನೇ ಪ್ರಯತ್ನಶೀಲನು, ಉಳಿದವರೆಲ್ಲರೂ ಕಲ್ಲುಕಂಬಗಳು ಎಂಬ ಗರ್ವವೇ ಈ ಎಣಿಕೆಯ ಮೂಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಹೀಗೆ ಐದು ಕಾರಣಗಳನ್ನು ಎಣಿಸುತ್ತ ಹೋದರೆ ಯಾರನ್ನೂ ಯಾವುದಕ್ಕೂ ಹೊಣೆ ಮಾಡುವುದು ಸಾಧ್ಯವಾಗದು. ಕುಣಿಯಲಾರದವಳು ನೆಲ ಡೊಂಕೆಂದಂತೆ ಅಸಮರ್ಥನು ದೈವವನ್ನೂ, ಸೋಮಾರಿಯು ಸಾಧನವನ್ನೂ, ಹೇಡಿಯು ಎದುರಾಳಿಯ ಬಲವನ್ನೂ ನೆವ ಮಾಡಿಕೊಂಡು ಪಾರಾಗುವರು. ಫಲವೊಂದೇ ಸುಳ್ಳಾಡದ ಸಾಕ್ಷಿ. ಅದನ್ನು ಬಿಟ್ಟರೆ ಮಾತುಗಾರನೇ ಗೆಲ್ಲುವನು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಸೈನ್ಯವನ್ನು ನಡೆಸುವವರೂ ಪಾಠಶಾಲೆಯನ್ನು ನಡೆಸುವವರೂ ಸಂಸಾರವನ್ನು ನಡೆಸುವವರೂ ದಿನದಿನವೂ ಇದರ ಬಲವನ್ನು ಅನುಭವದಿಂದ ಬಲ್ಲರು. ಇದಕ್ಕೆ ಉತ್ತರವನ್ನು ಹೇಳುವ ಮೊದಲು ಬೆಸ್ಕೋವನ ಮುಂದಿನ ಚರಿತ್ರೆಯನ್ನು ನೋಡಬೇಕು.

೧೯೫೩ರಲ್ಲಿ ಡೈನಮೊ ತಂಡವು ಸೋವಿಯತ್ ಕಪ್ಪನ್ನು ಗೆದ್ದಾಗ ಆತನು ಇನ್ನೂ ಅದರಲ್ಲಿ ಆಡುತ್ತಿದ್ದನು. ಮರುವರ್ಷ ಆಟಗಾರನ ವೃತ್ತಿಯನ್ನು ಬಿಟ್ಟು ಕಲಿಸುವ ವೃತ್ತಿಗೆ ಬಂದನು. ಮಾಸ್ಕೋದ ತಂಡಗಳನ್ನೂ ಎಳೆಯರ ಕಾಲ್ಚೆಂಡು ಶಾಲೆಯೊಂದನ್ನೂ ನಡೆಸಿ ಹೆಸರಾದನು. ೧೯೬೩ರಲ್ಲಿ ರಾಷ್ಟ್ರತಂಡದ ಭಾರವು ಆತನ ಹೆಗಲಿಗೆ ಬಂದಿತು. ಅದರ ಹಿಂದೆ, ೧೯೬೦ರಲ್ಲಿ, ಸೋವಿಯತ್ ತಂಡವು ಯುರೋಪಿನ ಕಪ್ಪನ್ನು ಮೊತ್ತಮೊದಲು ಗೆದ್ದುಕೊಂಡಿತ್ತು. ಆ ಸಲ ಸ್ಪೇನ್ ದೇಶದ ಸರ್ವಾಧಿಕಾರಿಯಾದ ಫ್ರಾಂಕೊ ತನ್ನ ತಂಡವನ್ನು ಮಾಸ್ಕೋಗೆ ಕಳುಹಿಸಲು ಒಪ್ಪದೆ ಪಂದ್ಯದಿಂದಲೇ ಹಿಂದೆಗೆದಿದ್ದನು. ೧೯೬೪ರಲ್ಲಿ ಬೆಸ್ಕೋವನ ತಂಡವು ಇಟಲಿಯನ್ನೂ ಸ್ವೀಡನನ್ನೂ ದಾಟಿ, ಡೆನ್ಮಾರ್ಕನ್ನು ೩-೦ರಿಂದ ಸೋಲಿಸಿ, ಕೊನೆಯ ಪಂದ್ಯಕ್ಕೆ ಮ್ಯಾಡ್ರಿಡ್ ನಗರಕ್ಕೆ ಬಂದಿತು. ಎದುರಾಳಿಯು ಅದೇ ಸ್ಪೇನ್. ಜೂನ್ ೨೧ರಂದು ಫ್ರಾಂಕೊ ಸ್ವತಃ ಕುಳಿತು ನೋಡುತ್ತಿದ್ದನು. ಮೊದಲ ಎಂಟು ನಿಮಿಷಗಳಲ್ಲಿ ಎರಡು ಕಡೆಯವರೂ ಒಂದೊಂದು ಗೋಲು ಹೊಡೆದರು. ಆಮೇಲೆ ಒಂದೂಕಾಲು ಗಂಟೆಯ ಹೊತ್ತು ಏನೂ ಆಗಲಿಲ್ಲ. ಎಂಭತ್ತನಾಲ್ಕನೆಯ ನಿಮಿಷದಲ್ಲಿ ಮಾರ್ಸೆಲಿನೊ ಎಂಬ ಆಟಗಾರನು ತಲೆಯಿಂದ ಹೊಡೆದ ಚೆಂಡು ಗೋಲಿನೊಳಗೆ ಹೋಯಿತು. ಸ್ಪೇನ್ ೨-೧ರಿಂದ ಗೆದ್ದಿತು.

ಯುರೋಪಿನಲ್ಲಿ ಎರಡನೆಯ ಸ್ಥಾನವೆಂದರೆ ಸಾಮಾನ್ಯವಾದುದಲ್ಲ. ಆದರೆ ಅರಸರ ಕಣ್ಣಿಗೆ ಅದು ಕಾಣಲಿಲ್ಲ. ಫ್ರಾಂಕೊನ ಎದುರಿನಲ್ಲಿ ಸೋತದ್ದು ಮಾತ್ರ ಕಂಡಿತು. ಕ್ರುಶ್ಚೇವನ ಸರಕಾರದಲ್ಲಿ ಅಸಮಾಧಾನವು ಹುಟ್ಟಿ, ಬೆಸ್ಕೋವನನ್ನು ಕೆಲಸದಿಂದ ತೆಗೆದುಹಾಕಿದರು. ಮ್ಯಾಡ್ರಿಡ್ಡಿನ ಪಂದ್ಯವಾಗಿ ನಾಲ್ಕು ತಿಂಗಳು ತುಂಬುವುದರೊಳಗೆ, ಅಕ್ಟೋಬರಿನಲ್ಲಿ, ಕ್ರುಶ್ಚೇವನನ್ನೇ ಆತನ ಸಹೋದ್ಯೋಗಿಗಳು ಅಧಿಕಾರದಿಂದ ಇಳಿಸಿದರು.

ಈ ದಂಡನೆಯು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಮುಂದಿನ ಚರಿತ್ರೆಯೇ ಹೇಳುತ್ತದೆ. ಬೆಸ್ಕೋವನ ಬಳಿಕ ಸೋವಿಯತ್ ತಂಡವು ಯುರೋಪಿನ ಕಪ್ಪಿನ ಕೊನೆಯ ಪಂದ್ಯವನ್ನು ಎರಡು ಸಲ ಆಡಿತು. ೧೯೭೨ರಲ್ಲಿ ಪಶ್ಚಿಮ ಜರ್ಮನಿಗೆ ೩-೦ರಿಂದ ಸೋತಿತು; ೧೯೮೮ರಲ್ಲಿ ಹಾಲೆಂಡಿಗೆ ೨-೦ರಿಂದ ಸೋತಿತು. ೧೯೯೧ರಲ್ಲಿ ಆ ದೇಶವೇ ಇಲ್ಲವಾಯಿತು. ಹೀಗೆ, ಬೆಸ್ಕೋವನನ್ನು ಹೊರಗಟ್ಟಲು ಕಾರಣವಾದ ಆ ಎರಡನೆಯ ಸ್ಥಾನವನ್ನು ಮೀರಿದವರು ಆತನ ಬಳಿಕ ಒಬ್ಬರೂ ಹುಟ್ಟಲಿಲ್ಲ. ೧೯೮೮ರಲ್ಲಿ ಗುರುವಾಗಿದ್ದ ಲೊಬನೊವ್‌ಸ್ಕಿಯು ಅದೇ ಎರಡನೆಯ ಸ್ಥಾನದೊಡನೆ ಹಿಂತಿರುಗಿದರೂ ಎರಡು ವರ್ಷಗಳ ಬಳಿಕ ಜಗತ್ತಿನ ಕಪ್ಪಿಗೆ ತಂಡವನ್ನು ಕರೆದೊಯ್ದವನು ಆತನೇ. ಫಲವು ಒಂದೇ, ಒಬ್ಬನಿಗೆ ಬಹಿಷ್ಕಾರ, ಇನ್ನೊಬ್ಬನಿಗೆ ಮುಂದುವರಿಕೆ. ಫಲವು ಸುಳ್ಳಾಡದ ಸಾಕ್ಷಿಯೆಂದು ಪೂರ್ವಪಕ್ಷದವರು ಹೇಳಿದ್ದರಷ್ಟೆ. ಸಾಕ್ಷಿಯು ಸುಳ್ಳಾಡದಿರಬಹುದು; ಆದರೆ ಅದರ ಮಾತಿನ ಅರ್ಥವನ್ನು ನ್ಯಾಯಾಧಿಪತಿಯು ತನ್ನ ಕಾಲದ ಭಯಕ್ಕೂ ಅಭಿಮಾನಕ್ಕೂ ತಕ್ಕಂತೆ ಮಾಡಿಕೊಳ್ಳುವನೆಂಬುದು ಇದರಿಂದ ಸಿದ್ಧವಾಗುತ್ತದೆ.

ಪದಚ್ಯುತನಾದ ಬೆಸ್ಕೋವನು ಉಕ್ರೇನಿನ ಲುಹಾನ್‌ಸ್ಕ್ ನಗರದ ತಂಡಕ್ಕೆ ಹೋದನು. ರಾಷ್ಟ್ರತಂಡವನ್ನು ನಡೆಸಿದವನು ದೂರದ ಊರಿನ ತಂಡಕ್ಕೆ ಅದೇ ಪಾಠವನ್ನು ಮೊದಲಿನಿಂದ ಹೇಳಿಕೊಟ್ಟನು. ಬಳಿಕ ತನ್ನ ಹಳೆಯ ಡೈನಮೊ ತಂಡಕ್ಕೆ ಗುರುವಾಗಿ ಬಂದು ೧೯೬೭ರಲ್ಲಿಯೂ ೧೯೭೦ರಲ್ಲಿಯೂ ಸೋವಿಯತ್ ಕಪ್ಪನ್ನು ಗೆಲ್ಲಿಸಿದನು. ೧೯೭೨ರ ಮೇ ತಿಂಗಳಲ್ಲಿ ಬಾರ್ಸಿಲೋನ ನಗರದಲ್ಲಿ ಆ ತಂಡವು ಯುರೋಪಿನ ಕಪ್ ವಿಜೇತರ ಪಂದ್ಯಾವಳಿಯ ಕೊನೆಯ ಪಂದ್ಯವನ್ನಾಡಿತು. ಯಾವ ಸೋವಿಯತ್ ಸಂಘವೂ ಅಲ್ಲಿಯವರೆಗೆ ಅಂಥ ಪಂದ್ಯದ ಮೆಟ್ಟಿಲನ್ನು ತುಳಿದಿರಲಿಲ್ಲ. ಎದುರಾಳಿಯು ೧೯೪೫ರಲ್ಲಿ ಸಮವಾಗಿ ನಿಂತಿದ್ದ ಗ್ಲಾಸ್ಗೋದ ರೇಂಜರ್ಸ್. ೦-೩ರಿಂದ ಹಿಂದೆ ಬಿದ್ದ ಡೈನಮೊ ಎರಡು ಗೋಲುಗಳನ್ನು ಹಿಂತಿರುಗಿಸಿತು, ಮೂರನೆಯದು ಬರಲಿಲ್ಲ. ಅಲ್ಲಿಯೂ ಎರಡನೆಯ ಸ್ಥಾನವೇ ಆಯಿತು.

ಬೆಸ್ಕೋವನ ಹೆಸರು ಹೆಚ್ಚಾಗಿ ನಿಂತಿರುವುದು ಮಾಸ್ಕೋದ ಸ್ಪಾರ್ಟಕ್ ತಂಡದೊಡನೆ. ಆ ಪ್ರಸಿದ್ಧ ತಂಡವು ೧೯೭೬ರಲ್ಲಿ ಮೇಲಿನ ದರ್ಜೆಯಿಂದ ಕೆಳಗಿನ ದರ್ಜೆಗೆ ಬಿದ್ದುಹೋಗಿತ್ತು. ೧೯೭೭ರಲ್ಲಿ ಬೆಸ್ಕೋವನು ಅದರ ಭಾರವನ್ನು ವಹಿಸಿದನು. ಅದೇ ವರ್ಷ ತಂಡವು ಕೆಳದರ್ಜೆಯಲ್ಲಿ ಮೊದಲನೆಯದಾಗಿ ಮೇಲಕ್ಕೆ ಬಂದಿತು; ಮತ್ತೆರಡು ವರ್ಷಗಳಲ್ಲಿ, ೧೯೭೯ರಲ್ಲಿ, ದೇಶಕ್ಕೇ ಮೊದಲನೆಯದಾಯಿತು. ಇದನ್ನು ಆತನು ಸಾಧಿಸಿದ್ದು ಹೆಸರಾದ ಆಟಗಾರರನ್ನು ಕೂಡಿಹಾಕಿಕೊಂಡು ಅಲ್ಲ. ಗೆಯೋರ್ಗಿ ಯಾರ್ತ್ಸೆವ್ ಎಂಬಾತನು ಸಣ್ಣ ಊರುಗಳ ತಂಡಗಳಲ್ಲಿ ಆಡುತ್ತ ಇಪ್ಪತ್ತೊಂಬತ್ತನೆಯ ವರ್ಷವನ್ನು ತಲಪಿದ್ದನು. ಆಟಗಾರನ ಆಯುಷ್ಯದಲ್ಲಿ ಅದು ಇಳಿಹೊತ್ತು. ಬೆಸ್ಕೋವನು ಅವನನ್ನು ಕರೆತಂದನು. ೧೯೭೮ರಲ್ಲಿ ಹತ್ತೊಂಬತ್ತು ಗೋಲುಗಳನ್ನು ಹೊಡೆದು ದೇಶದ ಎಲ್ಲ ಆಟಗಾರರಿಗಿಂತ ಮುಂದಾದವನು ಅವನೇ. ಅಸ್ತ್ರಾಖಾನಿನಿಂದ ಬಂದ ರಿನಾತ್ ದಾಸಾಯೆವ್ ಮುಂದೆ ಜಗತ್ಪ್ರಸಿದ್ಧ ಗೋಲ್‌ಕೀಪರನಾದನು. ಇವರನ್ನು ಅವರವರ ಹಿಂದಿನ ಫಲದಿಂದ ತೂಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬೆಸ್ಕೋವನು ನೋಡುತ್ತಿದ್ದುದು ಚೆಂಡನ್ನು ಹೇಗೆ ಸ್ವೀಕರಿಸುವನು, ಹೇಗೆ ಜೊತೆಯವನಿಗೆ ಸಾಗಿಸುವನು, ಸಾಗಿಸಿದ ಮರುಕ್ಷಣದಲ್ಲಿ ಎಲ್ಲಿಗೆ ಓಡುವನು ಎಂಬುದನ್ನು. ಹತ್ತಿರ ಹತ್ತಿರಕ್ಕೆ ಚೆಂಡನ್ನು ಸಾಗಿಸುತ್ತ, ಎದುರಾಳಿಯ ನಡುವೆ ಸಂದು ಬಿಡಿಸುತ್ತ ಮುಂದೆ ಹೋಗುವ ಆಟವೇ ಆತನು ಕಲಿಸಿದ ಆಟ.

ಪೂರ್ವಪಕ್ಷಕ್ಕೆ ಉತ್ತರವು ಇಲ್ಲಿದೆ. ಪಂದ್ಯವು ಮುಗಿದ ಮೇಲೆ ಆತನು ಆಟಗಾರರನ್ನು ಕೂಡಿಸಿಕೊಂಡು ನಡೆಸುತ್ತಿದ್ದ ವಿಮರ್ಶೆಯು ಬಹು ಕಠಿನವಾದುದೆಂದು ಹೆಸರಾಗಿತ್ತು. ಗೆದ್ದ ಪಂದ್ಯದ ಬಳಿಕವೂ ತಪ್ಪು ಹೆಜ್ಜೆಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದನು. ಇದರಲ್ಲಿರುವ ನ್ಯಾಯವನ್ನು ಗಮನಿಸಬೇಕು. ಗೆದ್ದಾಗಲೂ ದೋಷವನ್ನು ಹುಡುಕುವವನಿಗೆ ಮಾತ್ರ ಸೋತಾಗ ದೋಷವಿಲ್ಲವೆಂದು ಹೇಳುವ ಅಧಿಕಾರವುಂಟು. ಫಲದಿಂದ ತೂಗುವುದನ್ನು ಬಿಟ್ಟರೆ ತೂಗುವುದನ್ನೇ ಬಿಟ್ಟಂತಾಗುವುದಿಲ್ಲ. ತಕ್ಕಡಿಯನ್ನು ಫಲದಿಂದ ತೆಗೆದು ಕೆಲಸದ ಮೇಲೆ ಇಟ್ಟಂತಾಗುತ್ತದೆ. ಆಗ ಸೋಮಾರಿಗೆ ತಪ್ಪಿಸಿಕೊಳ್ಳುವ ಹಾದಿಯು ತೆರೆಯುವುದಕ್ಕೆ ಬದಲಾಗಿ ಮುಚ್ಚಿಕೊಳ್ಳುತ್ತದೆ. ಕಾಕತಾಳೀಯವಾಗಿ ಬಂದ ಗೆಲವಿನ ಮರೆಯಲ್ಲಿ ಅಡಗಿಕೊಳ್ಳುವವನೂ ಅವನೇ ಅಲ್ಲವೆ? ಫಲವನ್ನು ನೋಡುವವನು ಸೋತ ದಿನ ಮಾತ್ರ ಪರೀಕ್ಷಕನು. ಕೆಲಸವನ್ನು ನೋಡುವವನು ದಿನದಿನವೂ ಪರೀಕ್ಷಕನು. ಆದುದರಿಂದ ಫಲದ ಹಂಗಿಲ್ಲದ ತೀರ್ಪು ಮೃದುವಾದ ತೀರ್ಪೆಂದು ತಿಳಿಯತಕ್ಕದ್ದಲ್ಲ.

ಈ ತಕ್ಕಡಿಯನ್ನು ಹಿಡಿದವನಿಗೂ ಫಲವು ಕೈಗೆ ಸಿಕ್ಕಲಿಲ್ಲವೆಂಬುದನ್ನು ಸ್ಪಾರ್ಟಕ್ ತಂಡದ ಮುಂದಿನ ಚರಿತ್ರೆಯು ತೋರಿಸುತ್ತದೆ. ೧೯೮೦, ೧೯೮೧, ೧೯೮೩, ೧೯೮೪, ೧೯೮೫ ಈ ಐದು ವರ್ಷಗಳಲ್ಲಿಯೂ ತಂಡವು ದೇಶದಲ್ಲಿ ಎರಡನೆಯದಾಯಿತು. ೧೯೮೨ರಲ್ಲಿಯೂ ೧೯೮೬ರಲ್ಲಿಯೂ ಮೂರನೆಯದಾಯಿತು. ೧೯೮೭ರಲ್ಲಿ ಮತ್ತೆ ಮೊದಲನೆಯದಾಯಿತು. ಮೊದಲನೆಯ ಸ್ಥಾನಕ್ಕೆ ಬಂದವರು ಒಂದು ವರ್ಷ ಕೀವಿನವರು, ಒಂದು ವರ್ಷ ಮಿನ್‌ಸ್ಕಿನವರು, ಒಂದು ವರ್ಷ ಲೆನಿನ್‌ಗ್ರಾಡಿನವರು. ಅವರು ಬದಲಾಗುತ್ತಿದ್ದರು, ಸ್ಪಾರ್ಟಕ್ ಮಾತ್ರ ಅವರ ಬೆನ್ನ ಹಿಂದೆಯೇ ಇರುತ್ತಿತ್ತು. ೧೯೮೨ರ ಜಗತ್ತಿನ ಕಪ್ಪಿಗೆ ಹೋದ ರಾಷ್ಟ್ರತಂಡಕ್ಕೂ ಬೆಸ್ಕೋವನೇ ಮುಖ್ಯ ಗುರು. ಎರಡನೆಯ ಸುತ್ತಿನಲ್ಲಿ ಬೆಲ್ಜಿಯಮ್ಮನ್ನು ೧-೦ರಿಂದ ಗೆದ್ದು ಪೋಲೆಂಡಿನೊಡನೆ ೦-೦ ಎಂದು ಸಮವಾದರೂ, ಪೋಲೆಂಡು ಬೆಲ್ಜಿಯಮ್ಮಿನ ಮೇಲೆ ಹೊಡೆದಿದ್ದ ಗೋಲುಗಳು ಹೆಚ್ಚಾಗಿದ್ದುದರಿಂದ ಸೋವಿಯತ್ ತಂಡವು ಆ ಸುತ್ತಿನಲ್ಲಿ ಸೋಲದೆಯೇ ಹೊರಬಿದ್ದಿತು.

ಅದೇ ವರ್ಷದ ಅಕ್ಟೋಬರ್ ೨೦ರಂದು ನಡೆದ ಒಂದು ಗೆಲವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದಲ್ಲಿ ಸ್ಪಾರ್ಟಕ್ ತಂಡವು ಹಾಲೆಂಡಿನ ಹಾರ್ಲೆಮ್ ತಂಡವನ್ನು ೨-೦ರಿಂದ ಗೆದ್ದಿತು. ಎರಡನೆಯ ಗೋಲನ್ನು ಕೊನೆಯ ಗಳಿಗೆಯಲ್ಲಿ ಹೊಡೆದವನು ಶ್ವೆತ್ಸೋವ್. ಹಿಮ ಬಿದ್ದು ಜಾರುತ್ತಿದ್ದ ಮೆಟ್ಟಿಲುಗಳಲ್ಲಿ, ಹೊರಗೆ ಹೋಗುತ್ತಿದ್ದ ಜನರ ನೂಕುನುಗ್ಗಲಾಗಿ, ಸರಕಾರದ ಲೆಕ್ಕದಂತೆಯೇ ಅರುವತ್ತಾರು ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯರು. ಸರಕಾರವು ಈ ಸುದ್ದಿಯನ್ನು ಮುಚ್ಚಿಟ್ಟಿತು; ಅದು ಪತ್ರಿಕೆಗಳಲ್ಲಿ ವಿವರವಾಗಿ ಹೊರಬಂದದ್ದು ೧೯೮೯ರಲ್ಲಿ. ಆ ಗೋಲನ್ನು ತಾನು ಹೊಡೆಯದೆ ಇದ್ದಿದ್ದರೆ ಚೆನ್ನಾಗಿತ್ತೆಂದು ಶ್ವೆತ್ಸೋವನು ಆಮೇಲೆ ಹೇಳಿದನು. ಆ ಸಾವುಗಳಲ್ಲಿ ಅವನ ದೋಷವು ಯಾವುದೂ ಇಲ್ಲ. ದೋಷವು ಅಷ್ಟು ಜನರನ್ನು ಇಕ್ಕಟ್ಟಿನ ಹಾದಿಯಲ್ಲಿ ಬಿಟ್ಟವರದು. ಆದರೂ ಗೆಲವಿನ ಗೋಲನ್ನು ಹೊಡೆದವನೇ ಆ ಗೆಲವನ್ನು ಬೇಡವೆನ್ನುವಂತಾಯಿತು. ಫಲವೆಂಬುದು ಕರ್ತೃವಿನ ಕೈಮೀರಿದ್ದೆಂಬುದಕ್ಕೆ ಇದಕ್ಕಿಂತ ಘೋರವಾದ ಉದಾಹರಣೆಯು ಬೇಕಾಗಿಲ್ಲ.

ಇನ್ನು ಬೆಸ್ಕೋವನು ಪೀಠದಲ್ಲಿ ಕುಳಿತಾಗಿನ ಮಾತು. ಆತನನ್ನು ಸರ್ವಥಾ ನಿರ್ದೋಷಿಯೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ೧೯೮೮ರ ಪಂದ್ಯಗಳು ಮುಗಿದಾಗ ಸ್ಪಾರ್ಟಕ್ ನಾಲ್ಕನೆಯ ಸ್ಥಾನದಲ್ಲಿತ್ತು. ಹ್ಯಾಗೂ ತಂಡವನ್ನು ಹೊಸದು ಮಾಡಬೇಕೆಂದು ಬೆಸ್ಕೋವನು ಹಲವು ಆಟಗಾರರನ್ನು ಒಮ್ಮೆಗೇ ಬಿಡಿಸಲು ಮುಂದಾದನು. ತಂಡದ ಸ್ಥಾಪಕರಲ್ಲೊಬ್ಬನೂ ಅದರ ಹಿರಿಯನೂ ಆಗಿದ್ದ ನಿಕೊಲಾಯ್ ಸ್ತಾರೊಸ್ತಿನನಿಗೆ ಇದು ಸರಿಬೀಳಲಿಲ್ಲ. ಸ್ಟಾಲಿನ್ನನ ಕಾಲದಲ್ಲಿ ವರ್ಷಗಟ್ಟಲೆ ಸೆರೆಶಿಬಿರಗಳಲ್ಲಿ ಕಳೆದುಬಂದವನು ಆ ವೃದ್ಧನು. ಇಬ್ಬರಿಗೂ ಹೊಂದಿಕೆಯಾಗದೆ, ಹನ್ನೆರಡು ವರ್ಷ ಕಲಿಸಿದ ತಂಡವನ್ನು ಬೆಸ್ಕೋವನು ಬಿಡಬೇಕಾಯಿತು.

ಇಲ್ಲಿ ಯಾರ ಪಕ್ಷವು ನ್ಯಾಯವಾದುದು? ದೋಷವನ್ನು ವಿಚಾರಿಸುವ ಅಧಿಕಾರವು ಗುರುವಿಗೆ ಇದ್ದೇ ಇದೆ; ಕೈಲಾಗದ ಆಟಗಾರನನ್ನು ಇಟ್ಟುಕೊಂಡು ಎಲ್ಲರನ್ನೂ ಕೆಡಿಸಬೇಕಾದ ಕಟ್ಟಳೆಯೇನೂ ಇಲ್ಲ. ಆದರೆ ಒಬ್ಬೊಬ್ಬನ ದೋಷವನ್ನು ಬೇರೆ ಬೇರೆಯಾಗಿ ತೂಗಿ ಹೇಳುವುದು ಒಂದು. ನಾಲ್ಕನೆಯ ಸ್ಥಾನ ಬಂದಿತೆಂದು ಪಟ್ಟಿಯೊಂದನ್ನು ಬರೆದು ಹಲವರನ್ನು ಒಟ್ಟಿಗೆ ಕಳುಹಿಸುವುದು ಇನ್ನೊಂದು. ಎರಡನೆಯದರಲ್ಲಿ ೧೯೫೨ರ ಆಜ್ಞೆಯ ನೆರಳು ಸ್ವಲ್ಪವಾದರೂ ಬೀಳದೆ ಇರುವುದಿಲ್ಲ. ಏಟು ತಿಂದವನು ಏಟಿನ ನೋವನ್ನು ಮರೆಯುವುದಿಲ್ಲ, ನಿಜ. ಆದರೆ ಏಟು ಕೊಡುವ ಬಗೆಯನ್ನೂ ಅವನು ಅದೇ ದಿನ ಕಲಿತಿರುತ್ತಾನೆ. ಅನ್ಯಾಯದ ದಂಡನೆಯಿಂದಾಗುವ ಕೇಡುಗಳಲ್ಲಿ ಇದು ಬಹುಕಾಲ ನಿಲ್ಲುವ ಕೇಡು. ಸೊಸೆಯಾಗಿ ನೊಂದವಳು ಅತ್ತೆಯಾಗಿ ನೋಯಿಸುವುದನ್ನು ಕಂಡ ಮನೆತನಗಳಿಗೆ ಇದರ ವಿವರಣೆಯು ಬೇಕಿಲ್ಲ. ಆ ಸರಪಣಿಯನ್ನು ತನ್ನ ಕೈಯಲ್ಲಿಯೇ ಕಡಿಯುವುದು ದೊಡ್ಡವರಿಗೂ ಸುಲಭವಲ್ಲವೆಂಬುದೇ ಬೆಸ್ಕೋವನ ಜೀವಿತದ ಈ ಭಾಗದಿಂದ ತಿಳಿಯತಕ್ಕ ಪಾಠ.

ಆತನ ಸ್ಥಾನಕ್ಕೆ ಬಂದವನು ಒಲೆಗ್ ರೊಮಾಂತ್ಸೆವ್. ಇವನು ಹಿಂದೆ ಬೆಸ್ಕೋವನ ತಂಡದಲ್ಲಿಯೇ ನಾಯಕನಾಗಿದ್ದ ಶಿಷ್ಯನು. ಮರುವರ್ಷವೇ, ೧೯೮೯ರಲ್ಲಿ, ಸ್ಪಾರ್ಟಕ್ ದೇಶಕ್ಕೆ ಮೊದಲನೆಯದಾಯಿತು. ಆ ಗೆಲವಿನಲ್ಲಿ ಹೊಸ ಗುರುವಿನ ಪಾಲೆಷ್ಟು, ಹಳೆಯ ಗುರುವು ಕಲಿಸಿಟ್ಟಿದ್ದರ ಪಾಲೆಷ್ಟು ಎಂದು ವಿಂಗಡಿಸಬಲ್ಲವರು ಯಾರು? ಬಿತ್ತಿದವನೊಬ್ಬನು, ಕೊಯ್ದವನೊಬ್ಬನು. ಫಲದಿಂದಲೇ ತೂಗುವವರು ಎಲ್ಲವನ್ನೂ ಕೊಯ್ದವನ ಲೆಕ್ಕಕ್ಕೆ ಬರೆಯುವರು. ಹೊಲಕ್ಕೆ ಮಾತ್ರ ಇಬ್ಬರ ನೆನಪೂ ಇರುತ್ತದೆ.

ಬೆಸ್ಕೋವನು ೧೯೯೫ರಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಡೈನಮೊ ತಂಡಕ್ಕೆ ಮತ್ತೆ ಗುರುವಾಗಿದ್ದು ರಷ್ಯದ ಕಪ್ಪನ್ನು ಗೆಲ್ಲಿಸಿದನು. ವೋಲ್ಗೊಗ್ರಾಡಿನ ರೋಟರ್ ತಂಡದೊಡನೆ ನಡೆದ ಆ ಕೊನೆಯ ಪಂದ್ಯದಲ್ಲಿ ಎರಡು ಗಂಟೆಗಳ ಆಟವು ಗೋಲಿಲ್ಲದೆ ಮುಗಿದು, ಪೆನಾಲ್ಟಿ ಒದೆತಗಳಲ್ಲಿ ೮-೭ರಿಂದ ತೀರ್ಮಾನವಾಯಿತು. ಒಂದು ಒದೆತವು ಅತ್ತ ಹೋಗಿದ್ದರೆ ಇದೂ ಎರಡನೆಯ ಸ್ಥಾನವೇ ಆಗುತ್ತಿತ್ತು. ೧೯೬೪ರ ಮುದುಡಿದ ಮುಖದ ಬೆಸ್ಕೋವನಿಗೂ ೧೯೯೫ರ ನಗುಮುಖದ ಬೆಸ್ಕೋವನಿಗೂ ಕೆಲಸದಲ್ಲಿ ಭೇದವೇನೂ ಇರಲಿಲ್ಲ. ಆತನು ೨೦೦೬ನೆಯ ಮೇ ೬ರಂದು ಮಾಸ್ಕೋದಲ್ಲಿ ಕಾಲವಾದನು.

ಆಟದ ಮಾತು ಆಟದ ಬಯಲಿನಲ್ಲಿಯೇ ನಿಲ್ಲುವುದಿಲ್ಲ. ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನ ಪ್ರತಿಯೊಂದು ಮನೆಯೂ ಒಂದು ನ್ಯಾಯಸ್ಥಾನವಾಗುತ್ತದೆ. ಅಂಕಗಳ ಕಾಗದವನ್ನು ಕೈಯಲ್ಲಿ ಹಿಡಿದ ತಂದೆಯು ಸೋಲನ್ನು ವಿಚಾರಿಸುತ್ತಿರುವನೋ ದೋಷವನ್ನು ವಿಚಾರಿಸುತ್ತಿರುವನೋ ಎಂಬುದನ್ನು ತನಗೆ ತಾನೇ ಕೇಳಿಕೊಳ್ಳತಕ್ಕದ್ದು. ದೋಷವನ್ನು ವಿಚಾರಿಸುವವನಾದರೆ, ಮಗನು ವರ್ಷವೆಲ್ಲ ಓದಿದ ಬಗೆಯನ್ನು ಅವನು ನೋಡುತ್ತ ಬಂದಿರಬೇಕು. ತೇರ್ಗಡೆಯಾದ ಮಗನ ಸೋಮಾರಿತನವನ್ನೂ ಅಷ್ಟೇ ನಿಷ್ಠುರವಾಗಿ ಹೇಳಿರಬೇಕು. ವರ್ಷವೆಲ್ಲ ನೋಡದೆ ಒಂದು ದಿನ ಮಾತ್ರ ಕೋಪಿಸಿಕೊಳ್ಳುವವನು ಸೋಲನ್ನು ದಂಡಿಸುತ್ತಾನೆ. ಮಗನು ಅದರಿಂದ ಕಲಿಯುವುದು ಪಾಠವನ್ನಲ್ಲ, ಭಯವನ್ನು, ಮುಂದೊಂದು ದಿನ ತಾನೂ ಅದೇ ಪೀಠದಲ್ಲಿ ಕುಳಿತು ಅದೇ ತೀರ್ಪನ್ನು ಕೊಡುವುದನ್ನು.